ಡೆಪೆಷ್ ಮೋಡ್‌ನ ಮೊದಲ ಆಲ್ಬಮ್ ಬಿಟ್ಟು ಮುಂದೆ ಹೋಗಬೇಕಾ? 'ಸ್ಪೀಕ್ ಅಂಡ್ ಸ್ಪೆಲ್' ಬಗ್ಗೆ ಮಾತಾಡೋಣ

ಡೊಂಬಿವಲಿ ಲೋಕಲ್:

ಕಳೆದ ಭಾನುವಾರ ಮುಂಬೈಯ ಮಾಟುಂಗಾದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಏಳು ಜನ ಕೂತು ಹಳೆಯ ರೆಕಾರ್ಡ್ ಕೇಳಿದೆವು. ಈ ಗುಂಪಿನವರೂ ಕೆಲವರು ಅಲ್ಲಿದ್ದರು. ಇಂಗ್ಲೆಂಡಿನ ಸಿಂಥ್ ಬ್ಯಾಂಡ್ ಡೆಪೆಷ್ ಮೋಡ್ ಸರದಿ ಬಂತು. "ಮೊದಲ ಆಲ್ಬಮ್ ಬೇಡ, ಅದು ಮಕ್ಕಳಾಟ. 1990ರ 'ವಯಲೇಟರ್' ಹಾಕಿ" ಅಂದರು ಒಬ್ಬರು. ಎಲ್ಲರೂ ಹೂಂ ಅಂದರು. ನಾನೂ ಸುಮ್ಮನೆ ಕೂತೆ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

'ಸ್ಪೀಕ್ ಅಂಡ್ ಸ್ಪೆಲ್' ತನ್ನಷ್ಟಕ್ಕೆ ಪೂರ್ತಿಯಾದ ಆಲ್ಬಮ್. ಆಮೇಲೆ ಬಂದದ್ದರ ಜೊತೆ ತಕ್ಕಡಿಯಲ್ಲಿ ಇಡದೆ ಕೇಳಿದರೆ ಇದು ಗೊತ್ತಾಗುತ್ತದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಬ್ಯಾಸಿಲ್ಡನ್ ಅಂತ ಒಂದು ಊರು. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಜನರಿಗಾಗಿ ಕಟ್ಟಿದ ಹೊಸ ಊರು. ಅಲ್ಲಿನ ನಾಲ್ಕು ಹುಡುಗರ ಬ್ಯಾಂಡ್ ಇದು: ವಿನ್ಸ್ ಕ್ಲಾರ್ಕ್, ಮಾರ್ಟಿನ್ ಗೋರ್, ಆಂಡಿ ಫ್ಲೆಚರ್, ಡೇವ್ ಗಾಹನ್. 1981ರ ಕೊನೆಗೆ ಆಲ್ಬಮ್ ಬಂದಾಗ ದೊಡ್ಡವನಾದ ಕ್ಲಾರ್ಕ್‌ಗೆ 21, ಹಾಡುವ ಗಾಹನ್‌ಗೆ 19. ಗೋರ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ, ಫ್ಲೆಚರ್ ವಿಮೆ ಕಂಪನಿಯಲ್ಲಿ. ಸಿಂಥ್‌ಗಳನ್ನು (ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಕೈಯಲ್ಲೇ ಹೊತ್ತು ರೈಲು ಹತ್ತುತ್ತಿದ್ದರು. 'ನ್ಯೂ ಲೈಫ್' ಹಾಡು ಗೆದ್ದು ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಕರೆ ಬಂದಾಗಲೂ ಹೋದದ್ದು ರೈಲಿನಲ್ಲೇ. ಸಾಮಾನು ಹೊತ್ತು ರೈಲು ಹತ್ತುವುದು ಅಂದರೆ ಏನು ಅಂತ ದಿನಾ ಮುಂಬೈ ಲೋಕಲ್ ಹತ್ತುವ ಡೊಂಬಿವಲಿಯವರಿಗೆ ವಿವರಿಸಬೇಕಾಗಿಲ್ಲ, ಅಲ್ವಾ?

ನಾನು ಇದನ್ನು ಮೊದಲು ಕೇಳಿದ್ದೂ ರೈಲಿನಲ್ಲೇ. ತೊಂಬತ್ತರ ದಶಕ, ಗೆಳೆಯ ತುಂಬಿಸಿಕೊಟ್ಟ ಕ್ಯಾಸೆಟ್, ಅಣ್ಣನ ವಾಕ್‌ಮನ್. ಆಗ ಫಾಸ್ಟ್ ಲೋಕಲ್‌ಗಳು ಪಾರ್ಸಿಕ್ ಸುರಂಗದ ಒಳಗೆ ಹೋಗುತ್ತಿದ್ದವು. ಸುರಂಗದಲ್ಲಿ ಗಾಡಿಯ ಸದ್ದು ಎಷ್ಟು ಏರುತ್ತದೆ ಅಂದರೆ ಪಕ್ಕದವರ ಮಾತೂ ಕೇಳಿಸದು. ಬೇರೆ ಹಾಡುಗಳೆಲ್ಲ ಅಲ್ಲಿ ಕಲಸಿಹೋಗುತ್ತಿದ್ದವು. 'ಫೋಟೋಗ್ರಾಫಿಕ್' ಮಾತ್ರ ಹೋಗಲಿಲ್ಲ. ಕೆಳಗಿನ ಬೇಸ್ ಒಂದು ಕಡೆ, ಮೇಲಿನ ಟ್ಯೂನ್ ಒಂದು ಕಡೆ, ಎರಡೂ ಬೇರೆ ಬೇರೆಯಾಗಿ ಕಿವಿಗೆ ಬಿದ್ದವು. ಯಾಕೆ ಹಾಗೆ ಅಂತ ಆಗ ಗೊತ್ತಿರಲಿಲ್ಲ. ಇಲ್ಲಿ ಕೀಬೋರ್ಡ್ ನುಡಿಸುವವರಿದ್ದಾರೆ, ಅವರು ಹೇಳಲಿ.

ಮಾಟುಂಗಾ ಕಾಫಿ:

"ಮಕ್ಕಳಾಟ" ಅಂದವನು ನಾನೇ. ಹಾಗಾಗಿ ಉತ್ತರ ಕೊಡುವುದು ನನ್ನ ಜವಾಬ್ದಾರಿ.

ನನ್ನ ಬಳಿ ಇದರ ಎಲ್‌ಪಿ ರೆಕಾರ್ಡ್ ಇದೆ. ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ ಕೊಂಡದ್ದು. 2016ರಲ್ಲಿ ಆ ಅಂಗಡಿ ಮುಚ್ಚಿದಾಗ ನಮ್ಮ ವಯಸ್ಸಿನವರಿಗೆ ಮನೆಯವರೊಬ್ಬರು ಹೋದಂತೆಯೇ ಆಯಿತು. ಆ ಮಾತು ಇನ್ನೊಮ್ಮೆ. ಈ ಆಲ್ಬಮ್ ಬಗ್ಗೆ ನನ್ನ ತಕರಾರು ಎರಡು.

ಮೊದಲನೆಯದು ಸಾಹಿತ್ಯ. ಕ್ಲಾರ್ಕ್ ಬರೆದ ಸಾಲುಗಳನ್ನು ಓದಿ ನೋಡಿ, ಅರ್ಥ ಕೈಗೆ ಸಿಗುವುದಿಲ್ಲ. ಪದಗಳು ಟ್ಯೂನಿಗೆ ಕೂರಬೇಕು ಅಂತ ಕೂತಿವೆ, ಅಷ್ಟೇ. ಎರಡನೆಯದು ಇನ್ನೂ ದೊಡ್ಡದು. ಈ ಆಲ್ಬಮ್‌ನ 11 ಹಾಡುಗಳಲ್ಲಿ 9 ಕ್ಲಾರ್ಕ್ ಬರೆದದ್ದು. ಗೋರ್ ಬರೆದದ್ದು ಎರಡೇ: 'ಟೋರಾ! ಟೋರಾ! ಟೋರಾ!' ಮತ್ತು ಹಾಡೇ ಇಲ್ಲದ, ಬರೀ ವಾದ್ಯದ 'ಬಿಗ್ ಮಫ್'. ಆಲ್ಬಮ್ ಬಂದ ಸ್ವಲ್ಪ ದಿನಕ್ಕೇ ಕ್ಲಾರ್ಕ್ ಬ್ಯಾಂಡ್ ಬಿಟ್ಟ. 1982ರ ಎರಡನೇ ಆಲ್ಬಮ್‌ನಿಂದ ಬರೆಯುವ ಹೊಣೆ ಗೋರ್ ಮೇಲೆ ಬಿತ್ತು. ನಾವು ಇವತ್ತು ಡೆಪೆಷ್ ಮೋಡ್ ಅಂತ ಕರೆಯುವ ಆ ಕತ್ತಲು, ಆ ಭಾರ, ಎಲ್ಲ ಗೋರ್‌ನದು. ಹಾಗಿದ್ದರೆ ಮೊದಲ ಆಲ್ಬಮ್ ಯಾರದ್ದು? ಬಿಟ್ಟುಹೋದವನದ್ದು. ಮನೆ ಕಟ್ಟಿಸಿದವರು ಒಬ್ಬರು, ಬಾಳಿದವರು ಇನ್ನೊಬ್ಬರು. ಬಾಳಿದವರನ್ನು ತಿಳಿಯಬೇಕಾದರೆ ಅವರು ಬಾಳಿದ ಕಾಲವನ್ನೇ ನೋಡಬೇಕು ಅಂತ ನನ್ನ ವಾದ.

ಡೊಂಬಿವಲಿ ಲೋಕಲ್:

ಸರ್, ಎರಡನೇ ಮಾತು ಒಪ್ಪುತ್ತೇನೆ. ಆದರೆ ಅದೇ ಕಾರಣಕ್ಕೆ ನನಗೆ ಇದು ಬೇಕು. ಕ್ಲಾರ್ಕ್ ಹೋಗಿ ಗಾಯಕಿ ಆಲಿಸನ್ ಮೊಯೆಟ್ ಜೊತೆ ಯಾಜೂ ಅನ್ನುವ ಬ್ಯಾಂಡ್ ಕಟ್ಟಿದ. ಆಮೇಲೆ ಆಂಡಿ ಬೆಲ್ ಜೊತೆ ಇರೇಷರ್. ಇತ್ತ ಗೋರ್ ಒಂದೊಂದೇ ಆಲ್ಬಮ್ ಮಾಡುತ್ತಾ 'ವಯಲೇಟರ್' ತನಕ ಬಂದ. ಒಂದು ಬುಡ, ಎರಡು ಕೊಂಬೆ. ಎರಡೂ ಈ ಬ್ಯಾಂಡಿನಲ್ಲಿ ಒಟ್ಟಿಗೆ ಇದ್ದ ಕಾಲದ ಆಲ್ಬಮ್ ಇದೊಂದೇ.

ಇನ್ನೊಂದು ವಿಷಯ. ಇದನ್ನು ರೆಕಾರ್ಡ್ ಮಾಡಿದ್ದು ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ. ಪ್ರಾರ್ಥನೆ ನಿಂತುಹೋಗಿದ್ದ ಹಳೆಯ ಚರ್ಚ್‌ನೊಳಗೆ ಇದ್ದ ಸ್ಟುಡಿಯೋ ಅದು. ಇಂಜಿನಿಯರ್ ಎರಿಕ್ ರಾಡ್‌ಕ್ಲಿಫ್. ಯಾಜೂ ತನ್ನ ಮೊದಲ ಆಲ್ಬಮ್ ಮಾಡಿದ್ದೂ ಅಲ್ಲೇ, 1982ರಲ್ಲಿ. ಅದರ ಹೆಸರು 'ಅಪ್‌ಸ್ಟೇರ್ಸ್ ಅಟ್ ಎರಿಕ್ಸ್'. ಆ ಎರಿಕ್ ಇವರೇ. ಬ್ಯಾಂಡ್ ಒಡೆದರೂ ಜಾಗ ಒಡೆಯಲಿಲ್ಲ.

ಧಾರವಾಡ ಟು ಪುಣೆ:

ಲೋಕಲ್ ಅವರು ಕೇಳಿದ ಪ್ರಶ್ನೆಗೆ ನಾನು ಬರ್ತೀನ್ರೀ. ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಗಣಪತಿ ಹಬ್ಬ ಬಂತು ಅಂದರೆ ಹತ್ತು ದಿನ ಮನೆ ಮರೆಯಬೇಕು.

ಹುಡುಗರ ಬಳಿ ಇದ್ದ ಸಿಂಥ್‌ಗಳು ಮೂಗ್ ಪ್ರಾಡಿಜಿ, ಯಮಾಹಾ ಸಿಎಸ್-5, ಒಂದು ಕವಾಯ್. ಮೂರರಲ್ಲೂ ಒಂದು ಸಲಕ್ಕೆ ಒಂದೇ ಸ್ವರ ಬರುತ್ತದೆ. ಹಾರ್ಮೋನಿಯಂನಲ್ಲಿ ಹಾಗೆ ಮೂರು ಮನೆ ಒತ್ತಿ ಹಿಡಿದರೆ ಇಲ್ಲಿ ಮೂರು ಸ್ವರ ಕೇಳುವುದಿಲ್ಲ. ಕೊಳಲಿನ ಹಾಗೆ ಅಂದುಕೊಳ್ಳಿ. ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಅನ್ನುವುದೇ ಇಲ್ಲ. ಹಾಗಾದರೆ ಹಾಡು ತುಂಬಿಕೊಳ್ಳುವುದು ಹೇಗೆ? ಒಬ್ಬ ಒಂದು ಸಾಲು ನುಡಿಸುತ್ತಾನೆ. ಇನ್ನೊಬ್ಬ ಅವನು ಬಿಟ್ಟ ಜಾಗದಲ್ಲಿ ತನ್ನ ಸಾಲು ಇಡುತ್ತಾನೆ. ಮೂರನೆಯವನು ಇಬ್ಬರೂ ಬಿಟ್ಟದ್ದನ್ನು ಹುಡುಕುತ್ತಾನೆ. ನಮ್ಮ ಕಡೆ ಕೋಲಾಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕೋಲಿಗೆ ಕೋಲು ತಾಗಬೇಕಾದರೆ ಎದುರಿನವನ ಕೋಲು ಬರುವ ಹೊತ್ತಿಗೆ ನಿಮ್ಮದು ಅಲ್ಲಿರಬೇಕು. ಒಂದು ಕ್ಷಣ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಪ್ರೊಡ್ಯೂಸರ್ ಡೇನಿಯಲ್ ಮಿಲ್ಲರ್, ಮ್ಯೂಟ್ ರೆಕಾರ್ಡ್ಸ್ ಕಂಪನಿ ಕಟ್ಟಿದವರು. ಅವರ ಬಳಿ ಎಆರ್‌ಪಿ 2600 ಅನ್ನುವ ಸಿಂಥ್ ಇತ್ತು, ಜೊತೆಗೆ ಸೀಕ್ವೆನ್ಸರ್. ಸೀಕ್ವೆನ್ಸರ್ ಅಂದರೆ ಸ್ವರಗಳನ್ನು ಒಂದರ ಹಿಂದೆ ಒಂದು ಗುಂಡಿ ತಿರುಗಿಸಿ ಕೂರಿಸಿಟ್ಟರೆ ತಾನೇ ಸುತ್ತಿ ಸುತ್ತಿ ನುಡಿಸುವ ಪೆಟ್ಟಿಗೆ. ಕೆಲವು ಸಾಲು ಅದು ನುಡಿಸಿತು, ಕೆಲವನ್ನು ಹುಡುಗರು ಕೈಯಿಂದಲೇ ನುಡಿಸಿದರು. ಒಂದು ಯಂತ್ರಕ್ಕೆ ಇನ್ನೊಂದರ ಜೊತೆ ಮಾತಾಡಲು ನಾವು ಈಗ ಬಳಸುವ ಮಿಡಿ ಬಂದದ್ದು 1983ರಲ್ಲಿ. ಅದಕ್ಕೂ ಮುಂಚೆ ವೋಲ್ಟೇಜ್ ಕಳಿಸಿ ಒಂದರಿಂದ ಇನ್ನೊಂದನ್ನು ನಡೆಸಬೇಕಿತ್ತು. ಕೋಣೆ ಬಿಸಿಯಾದರೆ ಶ್ರುತಿ ಜಾರುತ್ತದೆ. ಮತ್ತೆ ಶ್ರುತಿ ಮಾಡಬೇಕು. ಇಷ್ಟು ಪಾಡು ಪಟ್ಟು ಒಂದು ಸಾಲು ಟೇಪಿಗೆ ಹಾಕುವಾಗ ಯಾರೂ ಬೇಡದ ಸ್ವರ ಹಾಕುವುದಿಲ್ಲ. ಸುರಂಗದಲ್ಲೂ ಬಿಡಿಬಿಡಿಯಾಗಿ ಕೇಳಿಸಿದ್ದು ಅದಕ್ಕೇರೀ. ಒಂದರ ಮೇಲೆ ಒಂದು ಬಿದ್ದಿಲ್ಲ.

ನನ್ನ ಕಥೆ ಹೇಳುತ್ತೇನೆ. ನಾನು ಕಲಿತದ್ದು ನೂರಾರು ಟೋನ್ ಇರುವ ಕೀಬೋರ್ಡಿನಲ್ಲಿ. ಎರಡು ಕೈ ತುಂಬ ಕಾರ್ಡ್, ಹಿಂದೆ ಸ್ಟ್ರಿಂಗ್ಸ್ (ಪಿಟೀಲು ಗುಂಪಿನ ನಕಲಿ ಸದ್ದು), ಅದರ ಹಿಂದೆ ಎಳೆದು ಹಿಡಿಯುವ ಇನ್ನೊಂದು ಸದ್ದು, ಪ್ಯಾಡ್. ಹಾಡುವವರು ಒಮ್ಮೆ ಹೇಳಿದರು, "ಅಣ್ಣಾ, ನಿಮ್ಮ ಸದ್ದಿನೊಳಗೆ ನನಗೆ ಉಸಿರಾಡಲು ಜಾಗ ಇಲ್ಲ." ಬಹಳ ನೋವಾಯಿತು. ಆ ವಾರ ಈ ಆಲ್ಬಮ್ ಹಾಕಿ ಕೇಳಿದೆ. ಮಾರನೇ ಕಾರ್ಯಕ್ರಮದಲ್ಲಿ ಎಡಗೈ ತೆಗೆದುಬಿಟ್ಟೆ. ಬಲಗೈಯಲ್ಲಿ ಒಂದೇ ಸಾಲು. ಹಾಡು ಮೇಲೆ ಬಂತು.

ಹೊಸ ಕಿವಿ:

ನಾನು ಇಲ್ಲಿ ಹೊಸಬಳು, ಪುಣೆಯಲ್ಲಿ ಓದುತ್ತಿದ್ದೇನೆ. ಡೆಪೆಷ್ ಮೋಡ್‌ನ ಎರಡು ಹಾಡು ಬಿಟ್ಟರೆ ಏನೂ ಕೇಳಿಲ್ಲ. ಈ ಆಲ್ಬಮ್ ಹುಡುಕಿದರೆ ಹಾಡುಗಳ ಪಟ್ಟಿ ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದು ಸರಿ? ಮತ್ತೆ ಈ ಹೆಸರು ಏನು, ಮಕ್ಕಳ ಕಾಗುಣಿತದ ಪುಸ್ತಕದ ಹಾಗಿದೆ?

ಮಾಟುಂಗಾ ಕಾಫಿ:

ಮಗಳೇ, ಪುಸ್ತಕವಲ್ಲ, ಆಟಿಕೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1978ರಲ್ಲಿ ತಂದ 'ಸ್ಪೀಕ್ ಅಂಡ್ ಸ್ಪೆಲ್' ಅನ್ನುವ ಮಾತಾಡುವ ಆಟಿಕೆ. ಅದು ಒಂದು ಪದ ಹೇಳುತ್ತದೆ, ಮಗು ಅಕ್ಷರ ಒತ್ತಿ ಬರೆಯಬೇಕು. ಆ ದನಿ ಟೇಪಿನದಲ್ಲ, ಒಂದು ಚಿಪ್ ತಾನೇ ಹುಟ್ಟಿಸುತ್ತಿದ್ದ ದನಿ. ಸಿಂಥ್ ಬ್ಯಾಂಡಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗದು.

ಪಟ್ಟಿ ವಿಷಯ: ಇಂಗ್ಲೆಂಡಿನ ಎಲ್‌ಪಿಯಲ್ಲಿ ಇವರ ಮೊದಲ ಸಿಂಗಲ್ (ಬಿಡಿಯಾಗಿ ಬಿಟ್ಟ ಹಾಡು) 'ಡ್ರೀಮಿಂಗ್ ಆಫ್ ಮಿ' ಇರಲಿಲ್ಲ. ಅಮೆರಿಕದಲ್ಲಿ ಒಂದು ಹಾಡು ತೆಗೆದು ಅದನ್ನು ಸೇರಿಸಿದರು. ನೀನು 'ನ್ಯೂ ಲೈಫ್'ನಿಂದ ಶುರುವಾಗಿ 'ಜಸ್ಟ್ ಕಾಂಟ್ ಗೆಟ್ ಇನಫ್'ನಲ್ಲಿ ಮುಗಿಯುವ 11 ಹಾಡುಗಳ ಪಟ್ಟಿ ಕೇಳು. ಮೊದಲ ಸಿಂಗಲ್ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ 57ನೇ ಜಾಗಕ್ಕೆ ಹೋಗಿ ನಿಂತಿತು. ಎರಡನೆಯದಾದ 'ನ್ಯೂ ಲೈಫ್' 11ಕ್ಕೆ, ಮೂರನೆಯದಾದ 'ಜಸ್ಟ್ ಕಾಂಟ್ ಗೆಟ್ ಇನಫ್' 8ಕ್ಕೆ. ಆಲ್ಬಮ್ 10ಕ್ಕೆ. ಒಂದೇ ವರ್ಷದಲ್ಲಿ ಇಷ್ಟು.

ಕವರ್ ನೋಡಿದೆಯಾ? ಪ್ಲಾಸ್ಟಿಕ್ ಸುತ್ತಿದ ಹಂಸ. ಬ್ರಯನ್ ಗ್ರಿಫಿನ್ ತೆಗೆದ ಫೋಟೋ. ಇವತ್ತಿಗೂ ನನಗೆ ಇಷ್ಟವಿಲ್ಲ. ಇವರ ಮುಂದಿನ ಆಲ್ಬಮ್‌ಗೂ ಅವರೇ ಫೋಟೋ ತೆಗೆದರು. ಹೊಲದಲ್ಲಿ ಕುಡುಗೋಲು ಹಿಡಿದು ಪೈರು ಕೊಯ್ಯುವ ಹೆಂಗಸು. ಅದು ಮಾತ್ರ ಗೋಡೆಗೆ ಹಾಕಬೇಕಾದ ಚಿತ್ರ.

ಮಾಪುಸಾ ಮಳೆ:

ತಡವಾಗಿ ಬರೆಯುತ್ತಿದ್ದೇನೆ. ಇದನ್ನು ಓದಿ ಎರಡು ದಿನ ಯೋಚನೆ ಮಾಡಿದೆ.

ಗೋವಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಂಕಲ್ ಇದ್ದಾರೆ. ಎಂಬತ್ತು ದಾಟಿದೆ. ಇಲ್ಲಿ ಚರ್ಚ್ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೇ ನೊಟೇಶನ್ ಓದಲು ಕಲಿಸುತ್ತಿದ್ದರು. ಹಾಗೆ ಕಲಿತ ಎಷ್ಟೋ ಜನ ಮುಂಬೈಗೆ ಹೋಗಿ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸಿದರು. ಅಂಕಲ್ ಪಿಟೀಲು. ಒಂದು ಹಾಡಿಗೆ ಹತ್ತಾರು ಪಿಟೀಲು ಕೂರುತ್ತಿದ್ದ ಕಾಲ ಅದು. ಎಂಬತ್ತರ ದಶಕದಲ್ಲಿ ಸಿಂಥ್ ಬಂತು. ಮೊದಲು ಇಪ್ಪತ್ತು ಪಿಟೀಲು ಹತ್ತಾಯಿತು. ಆಮೇಲೆ ನಾಲ್ಕು. ಆಮೇಲೆ ಫೋನ್ ಬರುವುದೇ ನಿಂತಿತು. ಪೆಟ್ಟಿಗೆ ಕಟ್ಟಿ ಊರಿಗೆ ಬಂದರು. ಅವರ ಮುಂದೆ ಸಿಂಥ್ ಅನ್ನುವ ಪದ ಎತ್ತಲು ನಮಗೆ ಯಾವಾಗಲೂ ಅಳುಕು. ಹಾಗಾಗಿ ನನಗೂ ಈ ಸದ್ದಿನ ಮೇಲೆ ಒಂದು ಸಿಟ್ಟು ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ನಿನ್ನೆ ಸಂಜೆ ಧೈರ್ಯ ಮಾಡಿ ಅವರಿಗೆ ಈ ಆಲ್ಬಮ್ ಹಾಕಿದೆ. ಮೊದಲ ಎರಡು ಹಾಡಿಗೆ ಏನೂ ಹೇಳಲಿಲ್ಲ. 'ಜಸ್ಟ್ ಕಾಂಟ್ ಗೆಟ್ ಇನಫ್' ಬಂದಾಗ "ಮತ್ತೆ ಹಾಕು" ಅಂದರು. ಮೂರು ಸಲ ಹಾಕಿದೆ. ನೊಟೇಶನ್ ಹಾಳೆ ತೆಗೆದುಕೊಂಡು ಪೆನ್ಸಿಲ್‌ನಲ್ಲಿ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ಬರೆದರು. ಕೈ ನಡುಗುತ್ತದೆ, ಆದರೂ ಗುಂಡು ಗುಂಡಾಗಿ ಬರೆದರು. ಆಮೇಲೆ ಹೇಳಿದ್ದು: "ನನ್ನ ಕೆಲಸ ತೆಗೆದ ಪೆಟ್ಟಿಗೆ ಪಿಟೀಲಿನ ಹಾಗೆ ನಟಿಸುತ್ತಿತ್ತು. ಇದು ಯಾರ ಹಾಗೂ ನಟಿಸುತ್ತಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ಈ ಆಲ್ಬಮ್‌ನಲ್ಲಿ ಎಲ್ಲೂ ನಕಲಿ ಪಿಟೀಲಿಲ್ಲ, ನಕಲಿ ಟ್ರಂಪೆಟ್ ಇಲ್ಲ. ಬೀಪ್ ಅನ್ನುವುದು ಬೀಪ್ ಆಗಿಯೇ ಇದೆ.

ಧಾರವಾಡ ಟು ಪುಣೆ:

ಅಕ್ಕ, ಅಂಕಲ್‌ಗೆ ನನ್ನ ನಮಸ್ಕಾರ ತಿಳಿಸಿ. ನಾನು ದಿನಾ "ಸ್ಟ್ರಿಂಗ್ಸ್" ಬಟನ್ ಒತ್ತುವವನು. ಇಪ್ಪತ್ತು ವರ್ಷದಲ್ಲಿ ಆ ಬಟನ್ ಹಿಂದೆ ಒಬ್ಬ ಮನುಷ್ಯ ಇದ್ದ ಅಂತ ಯೋಚನೆ ಮಾಡಿರಲಿಲ್ಲ. ಇನ್ನು ಮುಂದೆ ಒತ್ತುವಾಗ ನೆನಪಾಗುತ್ತದೆ.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಿಲ್ಲರ್ ಮತ್ತು ಈ ಹುಡುಗರು ಡ್ರಮ್ ಸದ್ದನ್ನೂ ಸಿಂಥ್‌ನಿಂದಲೇ ಹುಟ್ಟಿಸಿದ್ದರು. ನಿಜವಾದ ಡ್ರಮ್ ಹಾಗೆ ಕೇಳಿಸಬೇಕು ಅನ್ನುವ ಹಟವೇ ಇಲ್ಲ. ಫಟ್ ಅನ್ನಬೇಕು, ಅಷ್ಟೇ.

ಕುರ್ಲಾ ಶ್ರುತಿ:

ಮುಂಬೈ ಮಾತು ಬಂತಲ್ಲ, ಒಂದು ಹೆಸರು ಹೇಳದೆ ಹೋದರೆ ತಪ್ಪಾಗುತ್ತದೆ ಮಾರಾಯ್ರೇ. ಚರಣ್‌ಜಿತ್ ಸಿಂಗ್. ಮುಂಬೈಯ ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದವರು. ಲಂಡನ್ನಿನಲ್ಲಿ 'ಸ್ಪೀಕ್ ಅಂಡ್ ಸ್ಪೆಲ್' ಬಂದ ಮರುವರ್ಷ, 1982ರಲ್ಲಿ, ಇಲ್ಲಿ ಒಂದು ರೆಕಾರ್ಡ್ ಮಾಡಿದರು. ರೋಲ್ಯಾಂಡ್ ಕಂಪನಿಯ ಮೂರು ಯಂತ್ರ: ಟಿಆರ್-808 ಡ್ರಮ್ ಮಷೀನ್, ಟಿಬಿ-303 ಬೇಸ್, ಜುಪಿಟರ್-8 ಸಿಂಥ್. ಅದರಲ್ಲಿ ನುಡಿಸಿದ್ದು ಹತ್ತು ರಾಗ. ಲಲಿತ್, ಭೂಪಾಲಿ, ಮಾಲಕಂಸ, ಕಲಾವತಿ... ಕೆಳಗೆ ಡಿಸ್ಕೋ ತಾಳ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದ ಮೇಲೆ ಯುರೋಪಿನವರು ಬೆರಗಾಗಿ ಕೇಳಿದರು. ಷಿಕಾಗೋದಲ್ಲಿ ಟಿಬಿ-303ರ ಸದ್ದಿನಿಂದ ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಹುಟ್ಟುವುದಕ್ಕೆ ವರ್ಷಗಟ್ಟಲೆ ಮುಂಚೆ ಅದೇ 303 ಇಲ್ಲಿ ಹೀಗೆ ಹಾಡುತ್ತಿತ್ತಲ್ಲ ಅಂತ. ಸಿಂಗ್ 2015ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಾದರೂ ಆ ಗೌರವ ಸಿಕ್ಕಿತು, ಅದೇ ಸಮಾಧಾನ.

ಯಾಕೆ ಹೇಳಿದೆ ಅಂದರೆ, ಮೇಲೆ "ಒಂದು ಸಲಕ್ಕೆ ಒಂದೇ ಸ್ವರ" ಅಂದದ್ದು ನಮಗೆ ಕೊರತೆಯೇ ಅಲ್ಲ. ನಮ್ಮ ಸಂಗೀತ ಇರುವುದೇ ಹಾಗೆ. ಹಿಂದೆ ತಂಬೂರಿ, ಮುಂದೆ ಒಂದೇ ದನಿ. ಆಕಾಶವಾಣಿಯಲ್ಲಿ ಬೆಳಿಗ್ಗೆ ಕೊಳಲು ಕೇಳಿ ಬೆಳೆದ ಕಿವಿಗೆ ಈ ಆಲ್ಬಮ್ ಹತ್ತಿರವಾಗುವುದು ಸಹಜ. ನನಗೆ ಕಾರ್ಡ್ ತುಂಬಿದ ರಾಕ್‌ಗಿಂತ ಇದು ಮೊದಲು ಹಿಡಿಸಿತು. ಕಾರಣ ಇದೇ ಇರಬೇಕು.

ಮಾಟುಂಗಾ ಕಾಫಿ:

ನಾನು ನಿನ್ನೆ ರಾತ್ರಿ ಎಲ್‌ಪಿ ತೆಗೆದು ಒರೆಸಿ ಎರಡೂ ಬದಿ ಕೇಳಿದೆ. ಬಹುಶಃ ಹತ್ತು ವರ್ಷದ ನಂತರ.

ಸಾಹಿತ್ಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. 'ವಾಟ್ಸ್ ಯುವರ್ ನೇಮ್' ಇವತ್ತಿಗೂ ನನಗೆ ಕೇಳಲಾಗದು, ಎದ್ದು ಸೂಜಿ ಎತ್ತಿಟ್ಟೆ. ಆದರೆ 'ಎನಿ ಸೆಕೆಂಡ್ ನೌ' ಹಾಡಿಗೆ ಬಂದಾಗ ಕೂತುಬಿಟ್ಟೆ. ಅದು ಗಾಹನ್ ಅಲ್ಲ, ಗೋರ್ ಹಾಡಿದ್ದು. ಕ್ಲಾರ್ಕ್ ಬರೆದ ಹಾಡು, ಗೋರ್‌ನ ದನಿ. ಹತ್ತಿರ ಕೂತು ಮೆಲ್ಲಗೆ ಹೇಳಿದ ಹಾಗೆ. ಆಮೇಲಿನ ಆಲ್ಬಮ್‌ಗಳಲ್ಲಿ ಅವನು ಹಾಡುವ ನಿಧಾನದ ಹಾಡುಗಳಿಗಾಗಿ ನಾನು ಜೀವ ಬಿಡುತ್ತೇನೆ. ಅದರ ಮೊದಲ ಹೆಜ್ಜೆ ಇಲ್ಲೇ ಇತ್ತು, ನನ್ನದೇ ಕಪಾಟಿನಲ್ಲಿ. ನಾನು ಹೇಳಿದ್ದ "ಬಿಟ್ಟುಹೋದವನ ಆಲ್ಬಮ್" ಅನ್ನುವ ಮಾತು ಪೂರ್ತಿ ಸರಿಯಲ್ಲ. ಹಿಂತೆಗೆದುಕೊಳ್ಳುತ್ತೇನೆ.

ಆಂಡಿ ಫ್ಲೆಚರ್ 2022ರಲ್ಲಿ ಹೋದರು. ಕವರ್ ಹಿಂದಿನ ಹೆಸರುಗಳನ್ನು ಓದುವಾಗ ಅದೂ ನೆನಪಾಯಿತು. ಆಗ ಕೆಲಸ ಬಿಟ್ಟು ಬಂದ ಆ ವಿಮೆ ಕಂಪನಿಯ ಹುಡುಗ ಕೊನೆತನಕ ಇದೇ ಬ್ಯಾಂಡಿನಲ್ಲಿ ಉಳಿದ.

ಹೊಸ ಕಿವಿ:

ಕೇಳಿದೆ! ಎರಡು ಸಲ. ಮೊದಲ ಸಲ ಕೆಲಸ ಮಾಡುತ್ತಾ ಕೇಳಿದೆ, ಏನೂ ಹಿಡಿಸಲಿಲ್ಲ. ಎಲ್ಲ ಹಾಡೂ ಒಂದೇ ಥರ ಅನ್ನಿಸಿತು. ಎರಡನೇ ಸಲ ಧಾರವಾಡದ ಸರ್ ಬರೆದದ್ದನ್ನು ನೆನಪಿಟ್ಟುಕೊಂಡು ಹೆಡ್‌ಫೋನ್ ಹಾಕಿ, ಒಂದು ಹಾಡಿನಲ್ಲಿ ಒಂದೇ ಸಾಲನ್ನು ಹಿಡಿದು ಕೊನೆತನಕ ಹೋದೆ. 'ನ್ಯೂ ಲೈಫ್'ನಲ್ಲಿ ಕೆಳಗಿನ ಸಾಲು. ಅದು ನಿಂತಾಗ ಗೊತ್ತಾಗುತ್ತದೆ ಅದು ಎಷ್ಟು ಕೆಲಸ ಮಾಡುತ್ತಿತ್ತು ಅಂತ.

ಒಂದು ಪ್ರಶ್ನೆ. ಕ್ಲಾರ್ಕ್ ಇಷ್ಟು ಸಿಂಥ್ ತಿಳಿದವನು, ಟ್ಯೂನ್ ಕಟ್ಟುತ್ತಿದ್ದದ್ದು ಸೀಕ್ವೆನ್ಸರ್‌ನಲ್ಲೇನಾ? ನನಗೂ ಒಂದು ಚಿಕ್ಕ ಸಿಂಥ್ ಕೊಳ್ಳುವ ಆಸೆ ಬಂದಿದೆ.

ಡೊಂಬಿವಲಿ ಲೋಕಲ್:

ಇಲ್ಲಮ್ಮಾ, ಕ್ಲಾರ್ಕ್ ಹಾಡು ಕಟ್ಟುತ್ತಿದ್ದದ್ದು ಗಿಟಾರ್‌ನಲ್ಲಿ. ಟ್ಯೂನ್ ಗಟ್ಟಿಯಾದ ಮೇಲೆ ಯಂತ್ರಕ್ಕೆ ಹಾಕುತ್ತಿದ್ದ. ಅದಕ್ಕೇ ಈ ಹಾಡುಗಳನ್ನು ಬಚ್ಚಲಲ್ಲಿ ಗುನುಗಿದರೂ ನಿಲ್ಲುತ್ತವೆ.

ಈಗಲೇ ಏನೂ ಕೊಳ್ಳಬೇಡ. ಫೋನಿನಲ್ಲೇ ದುಡ್ಡಿಲ್ಲದೆ ಸಿಗುವ ಸಿಂಥ್ ಆ್ಯಪ್ ಹಾಕಿಕೋ, ಅದರಲ್ಲಿ ಮೋನೋ (ಒಂದು ಸಲಕ್ಕೆ ಒಂದೇ ಸ್ವರ) ಅನ್ನುವ ಸೆಟ್ಟಿಂಗ್ ಇರುತ್ತದೆ, ಅದನ್ನು ಒತ್ತು. ಒಂದು ತಿಂಗಳು ಹಾಗೇ ಆಡು. ಆಮೇಲೂ ಆಸೆ ಉಳಿದರೆ ಮುಂಬೈಗೆ ಬಾ. ಧೋಬಿ ತಲಾವ್ ಕಡೆ ವಾದ್ಯದ ಅಂಗಡಿಗಳಿವೆ, ಕೈಯಲ್ಲಿ ಮುಟ್ಟಿ ನೋಡಬಹುದು. ಕೇಬಲ್, ಅಡಾಪ್ಟರ್ ಬೇಕಾದರೆ ಲ್ಯಾಮಿಂಗ್ಟನ್ ರೋಡ್. ನಾನು ಜೊತೆಗೆ ಬರುತ್ತೇನೆ, ನಮ್ಮ ಮನೆಯವರೂ ಬರುತ್ತಾರೆ.

ಕಾಫಿ ಸರ್, ನೀವು ಹಿಂತೆಗೆದುಕೊಳ್ಳಬೇಕಾಗಿಲ್ಲ. ನೀವು ಆ ಮಾತು ಹೇಳದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮುಂದಿನ ಭಾನುವಾರ ನಿಮ್ಮ ಎಲ್‌ಪಿ ತರುತ್ತೀರಾ?

ಮಾಟುಂಗಾ ಕಾಫಿ:

ತರುತ್ತೇನೆ. ನಾಲ್ಕು ಗಂಟೆಗೆ ಬನ್ನಿ. ಕಾಫಿ ನನ್ನ ಕಡೆಯಿಂದ. ಮಾಪುಸಾ ಅವರೇ, ಅಂಕಲ್ ಬರೆದ ಆ ಹಾಳೆಯ ಫೋಟೋ ಕಳಿಸಲು ಆಗುತ್ತದಾ? ಅವರು ಒಪ್ಪಿದರೆ ಮಾತ್ರ.

ಮಾಪುಸಾ ಮಳೆ:

ಕೇಳಿದೆ. ಪೆನ್ಸಿಲ್‌ನದು ಬೇಡವಂತೆ. ಇಂಕಿನಲ್ಲಿ ಚೆನ್ನಾಗಿ ಇನ್ನೊಂದು ಪ್ರತಿ ಮಾಡಿಕೊಡುತ್ತಾರಂತೆ, ಶನಿವಾರದೊಳಗೆ. ಮೇಲಿನ ಸಾಲನ್ನು ಈಗ ಪಿಟೀಲಿನಲ್ಲಿ ನುಡಿಸುತ್ತಿದ್ದಾರೆ. ಗೋಡೆಯಾಚೆಯಿಂದ ಕೇಳಿಸುತ್ತಿದೆ.